ಮಕ್ಕಳ ಗುರು, ಕವಿಗಳ ಶಿಷ್ಯ: ಪಂಜೆ ಮಂಗೇಶರಾಯರು

ಕೊಡಗಿನ ಶಾಲೆಗಳಲ್ಲಿ ಓದಿದವರಲ್ಲಿ ‘ಹುತ್ತರಿ ಹಾಡ’ನ್ನು ಕೇಳದವರು ವಿರಳ. ಗದ್ದೆಯಿಂದ ಹೊಸ ಕದಿರನ್ನು ಪೊಲಿ ಪೊಲಿ ಎಂಬ ಘೋಷದೊಡನೆ ಮನೆಗೆ ತರುವ ಆ ಹುಣ್ಣಿಮೆಯ ದಿನಗಳಲ್ಲಿಯೂ, ಶಾಲೆಯ ವಾರ್ಷಿಕೋತ್ಸವದ ವೇದಿಕೆಯಲ್ಲಿಯೂ ಅದು ಕೇಳಿಬರುತ್ತದೆ. ಕಾವೇರಿಯ ತವರನ್ನೂ ಕೊಡವರ ವೀರವನ್ನೂ ಕೊಂಡಾಡುವ ಈ ಗೀತೆಯನ್ನು ಕೊಡಗು ತನ್ನ ನಾಡಗೀತೆಯೆಂದೇ ಎದೆಗೆ ಹಚ್ಚಿಕೊಂಡಿದೆ. ಆದರೆ ಇದನ್ನು ರಚಿಸಿದವರು ಕೊಡಗಿನಲ್ಲಿ ಹುಟ್ಟಿದವರಲ್ಲ. ಅವರು ನೇತ್ರಾವತಿಯ ದಡದ ಬಂಟವಾಳದವರು, ಮನೆಯಲ್ಲಿ ಕೊಂಕಣಿಯನ್ನಾಡುತ್ತಿದ್ದವರು, ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಅವರೇ ಪಂಜೆ ಮಂಗೇಶರಾಯರು.

ಪಂಜೆಯವರನ್ನು ಕನ್ನಡಿಗರು ಕವಿಗಳೆಂದು ಕೊಂಡಾಡಿದ್ದಾರೆ. ಸಣ್ಣಕಥೆಯ ಆದ್ಯರಲ್ಲೊಬ್ಬರೆಂದು ಮನ್ನಿಸಿದ್ದಾರೆ. ಆದರೆ ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಪುಟದಲ್ಲಿ ನಾವು ಅವರನ್ನು ನೆನೆಯಬೇಕಾದುದು ಮತ್ತೊಂದು ಕಾರಣಕ್ಕಾಗಿ. ತಮ್ಮ ಪಾಂಡಿತ್ಯದ ಸಾರವನ್ನು ಅವರು ಮೇಲಿನ ತರಗತಿಗಳಿಗಷ್ಟೇ ಮೀಸಲಿಡದೆ, ಆಗತಾನೆ ಬಳಪ ಹಿಡಿಯುವ ಕೂಸುಗಳಿಗೆ ಉಣಬಡಿಸಿದರು. ವಿದ್ಯೆಯ ಕಟ್ಟಡದಲ್ಲಿ ಕಳಶವನ್ನು ಕಂಡು ಹಿಗ್ಗುವವರು ಬಹಳ. ತಳಹದಿಯ ಕಲ್ಲಿಗೆ ಬೆವರು ಸುರಿಸುವವರು ಕೆಲವರು. ಪಂಜೆಯವರು ಆ ಕೆಲವರಲ್ಲಿ ಅಗ್ರಗಣ್ಯರು.

ಮಂಗೇಶರಾಯರು ಜನಿಸಿದುದು 1874ನೆಯ ಇಸವಿಯ ಫೆಬ್ರುವರಿ 22ರಂದು. ತಂದೆ ರಾಮಪ್ಪಯ್ಯನವರು, ತಾಯಿ ಸೀತಮ್ಮನವರು. ಕುಟುಂಬದಲ್ಲಿ ಸಿರಿಯಿರಲಿಲ್ಲ. ಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡುದರಿಂದ ಮನೆಯ ಭಾರವೂ ಓದಿನ ಭಾರವೂ ಒಟ್ಟಿಗೇ ಹೆಗಲೇರಿದುವು. ಮಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತ, ಅದರಿಂದ ಬಂದ ಅಲ್ಪ ಹಣದಲ್ಲಿ ತಾವೂ ಓದಿ ತಮ್ಮಂದಿರನ್ನೂ ಓದಿಸಿದರು. ಪಾಠ ಹೇಳುವುದು ಅವರಿಗೆ ಜೀವನೋಪಾಯವಾಗಿ ಒದಗಿ, ಕ್ರಮೇಣ ಜೀವನಧರ್ಮವಾಯಿತು. ಕನ್ನಡ ಅಧ್ಯಾಪಕರಾಗಿ ಮಂಗಳೂರಿನ ಸರಕಾರಿ ಕಾಲೇಜನ್ನು ಸೇರಿದ ಮೇಲೆ, ಬಿ.ಎ. ಪದವಿಯನ್ನೂ ಉಪಾಧ್ಯಾಯ ತರಬೇತಿಯ ಎಲ್.ಟಿ. ಪದವಿಯನ್ನೂ ಸಂಪಾದಿಸಿದರು. ಅವರಿಂದ ಪಾಠ ಕೇಳಿದವರಲ್ಲಿ, ಮುಂದೆ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಸುಮಾರಿಗೆ ಅವರು ಬರೆದ ಕಥೆಗಳು ಹೊಸಗನ್ನಡದ ಸಣ್ಣಕಥೆಗೆ ಅಡಿಗಲ್ಲಾದುವು.

ಅನಂತರ ಅವರು ಶಾಲಾ ಇನ್‌ಸ್ಪೆಕ್ಟರರಾಗಿ ದಕ್ಷಿಣ ಕನ್ನಡದ ಊರೂರು ಸುತ್ತುವವರಾದರು. ಆ ಹುದ್ದೆಯ ಅರ್ಥವನ್ನು ತಿಳಿಯಬೇಕಾದರೆ ಅಂದಿನ ಶಾಲೆಗಳ ಸ್ಥಿತಿಯನ್ನು ಅರಿಯಬೇಕು. ಹಳೆಯ ಐಗಳ ಶಾಲೆಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನೂ ಕೋಶವನ್ನೂ ಬಾಯಿಪಾಠ ಮಾಡಿಸುವುದು ರೂಢಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಪ್ರಾಂತದ ಸರಕಾರವು, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಸಂಖ್ಯೆಯನ್ನು ನೋಡಿ ಖಾಸಗಿ ಶಾಲೆಗಳಿಗೆ ಅನುದಾನ ಕೊಡುವ ಪದ್ಧತಿಯನ್ನು ತಂದಿತು. ಇನ್‌ಸ್ಪೆಕ್ಟರರ ಮುಂದೆ ಆರು ವರ್ಷದ ಮಗು ತಡವರಿಸಿದರೆ ಉಪಾಧ್ಯಾಯರ ಅನ್ನಕ್ಕೆ ಕುತ್ತು. ಆದಕಾರಣ ಮಗುವಿನ ಬೆನ್ನಿಗೆ ಬೆತ್ತ, ಉಪಾಧ್ಯಾಯರ ಎದೆಗೆ ನಡುಕ, ಅಧಿಕಾರಿಗಳಿಗೆ ಅಂಕಿಗಳ ಪಟ್ಟಿ. ಕಾಲಕ್ರಮದಲ್ಲಿ ಈ ಪದ್ಧತಿ ಕೈಬಿಟ್ಟುಹೋಯಿತಾದರೂ ಅದು ಬೆಳೆಸಿದ ಭಯವು ತರಗತಿಗಳಲ್ಲಿ ಬಹುಕಾಲ ಉಳಿಯಿತು. ಶಾಲೆಗೆ ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಹುಲಿ ಬಂದಂತೆಯೇ.

ಈ ಹುದ್ದೆಯಲ್ಲಿ ಪಂಜೆಯವರು ಹಾಡುವ, ಕಥೆ ಹೇಳುವ ಇನ್‌ಸ್ಪೆಕ್ಟರರಾದರು. ಮಕ್ಕಳನ್ನು ಪ್ರಶ್ನಿಸುವ ಬದಲು ಅವರೊಡನೆ ಕುಳಿತು ಕಥೆ ಹೇಳುವುದು, ಕಥೆಯ ಪಾತ್ರಗಳಂತೆ ಮುಖಭಾವ ಮಾಡುವುದು, ಹಾಡಿ ಹಾಡಿಸುವುದು ಅವರ ರೀತಿಯಾಗಿತ್ತೆಂದು ಅವರನ್ನು ಬಲ್ಲ ಹಿರಿಯರು ನೆನೆದಿದ್ದಾರೆ. ಇದರಿಂದ ಎರಡು ಪ್ರಯೋಜನಗಳಾದುವು. ಮಗುವಿನ ಭಯ ಕರಗಿತು. ಉಪಾಧ್ಯಾಯರಿಗೆ ಪಾಠ ಹೇಳುವ ಬಗೆಯೊಂದು ಕಣ್ಣೆದುರೇ ಕಂಡಿತು. ಮೂರನೆಯ ಪ್ರಯೋಜನವೊಂದು ಸ್ವತಃ ಪಂಜೆಯವರಿಗಾಯಿತು. ಹಳ್ಳಿಯಿಂದ ಹಳ್ಳಿಗೆ ಸುತ್ತುವಾಗ ಅವರು ಕಂಡ ಕೊರತೆ ಒಂದೇ: ಎಳೆಯ ಮಕ್ಕಳ ನಾಲಗೆಗೆ ಹಿತವಾದ ಕನ್ನಡ ಹಾಡುಗಳೂ ಕಥೆಗಳೂ ಪಾಠಪುಸ್ತಕಗಳಲ್ಲಿ ಇಲ್ಲ. ಇದ್ದುವು ನೀತಿವಾಕ್ಯಗಳು, ಇಲ್ಲವೆ ಪ್ರೌಢಕಾವ್ಯಗಳಿಂದ ಆಯ್ದ ಕಠಿಣ ಪದ್ಯಗಳು. ಈ ಕೊರತೆಯನ್ನು ನೀಗಲು ಅವರೇ ಲೇಖನಿ ಹಿಡಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಪಾಠಪುಸ್ತಕಗಳಿಗೆ ಅವರ ನೆರವು ದೊರೆಯಿತು. ಶಿಶುಸಾಹಿತ್ಯಕ್ಕಾಗಿಯೇ ‘ಬಾಲಸಾಹಿತ್ಯ ಮಂಡಲ’ವೆಂಬ ಸಂಸ್ಥೆಯೂ ಅವರ ಶ್ರಮದಿಂದ ರೂಪುಗೊಂಡಿತು.

ಅವರ ಶಿಶುಗೀತೆಗಳ ರಚನೆಯನ್ನು ಪರಿಶೀಲಿಸಿದರೆ ಅವುಗಳ ಹಿಂದಿರುವ ಶಿಕ್ಷಣದೃಷ್ಟಿ ವ್ಯಕ್ತವಾಗುತ್ತದೆ. ‘ಹಾವಿನ ಹಾಡ’ನ್ನೇ ತೆಗೆದುಕೊಳ್ಳೋಣ. ಮಗುವು ನಾಗರಹಾವನ್ನು ಕೈಮುಗಿದು ಕರೆಯುತ್ತದೆ, ಹೆಡೆ ಬಿಚ್ಚಿ ತೂಗೆಂದು ಬೇಡುತ್ತದೆ, ತಲೆಯ ರತ್ನವನ್ನು ಕೇಳುತ್ತದೆ, ಕಡೆಗೆ ಹೊರಟುಹೋಗೆಂದು ಬೀಳ್ಕೊಡುತ್ತದೆ. ಪ್ರತಿ ಪದ್ಯದ ಕೊನೆಯಲ್ಲಿ ಒಂದೇ ಅಕ್ಷರದ ಪದವು ಮತ್ತೆ ಮತ್ತೆ ಮರುಕಳಿಸುತ್ತದೆ. ಬಾ, ತಾ, ಪೋ ಎಂಬ ವಿಧ್ಯರ್ಥದ ಈ ಪುಟ್ಟ ರೂಪಗಳು ಕನ್ನಡದ ಅತಿ ಪ್ರಾಚೀನ ಸೊತ್ತು. ಮಗುವಿನ ಬಾಯಿಗೆ ಅತಿ ಸುಲಭವಾದ ತುತ್ತು. ಹಾಡುತ್ತ ಕೈಯನ್ನು ಹೆಡೆಯಂತೆ ಆಡಿಸುವ ಮಗು ಸ್ವರವನ್ನೂ ಲಯವನ್ನೂ ಕ್ರಿಯಾಪದವನ್ನೂ ಒಮ್ಮೆಲೇ ಕಲಿಯುತ್ತದೆ. ಕಲಿಯುತ್ತಿದ್ದೇನೆಂಬ ಅರಿವು ಮಾತ್ರ ಅದಕ್ಕಿರುವುದಿಲ್ಲ. ‘ತೆಂಕಣ ಗಾಳಿಯಾಟ’ದಲ್ಲಿ ಬಿರುಗಾಳಿಯ ಸದ್ದನ್ನೇ ಶಬ್ದಗಳಿಂದ ಎಬ್ಬಿಸಿದ್ದಾರೆ. ‘ಉದಯರಾಗ’ದಲ್ಲಿ ಸೂರ್ಯನು ಮಕ್ಕಳ ಜೊತೆಗಾರನಂತೆ ಮೂಡುತ್ತಾನೆ.

ಕಥೆಗಳಲ್ಲಿಯೂ ಇದೇ ಕುಶಲತೆ. ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಸರಪಳಿ ಕಥೆ. ತೆಲುಗು ನಾಡಿನ ಏಳು ಮೀನುಗಳ ಕಥೆಯ ಬಳಗಕ್ಕೆ ಸೇರಿದ್ದು. ಒಂದು ಪ್ರಶ್ನೆಗೆ ಉತ್ತರ, ಆ ಉತ್ತರದಿಂದ ಮತ್ತೊಂದು ಪ್ರಶ್ನೆ, ಹೀಗೆ ಕೊಂಡಿಯೊಳಗೆ ಕೊಂಡಿ ಸೇರುತ್ತ ಹೋಗುತ್ತದೆ. ಕೇಳುವ ಮಗುವಿಗೆ ಕಾರಣ ಕಾರ್ಯಗಳ ಸಂಬಂಧವೂ, ಕೇಳಿದುದನ್ನು ಕ್ರಮವಾಗಿ ನೆನಪಿಟ್ಟು ಹೇಳುವ ಶಕ್ತಿಯೂ ಆಟವಾಡುತ್ತಲೇ ಲಭಿಸುತ್ತದೆ. ಇಂಗ್ಲಿಷ್ ಮೂಲದ ‘ಮೂರು ಕರಡಿಗಳು’ ಕಥೆಯಲ್ಲಿ ದೊಡ್ಡದು, ನಡುವಣದು, ಚಿಕ್ಕದು ಎಂಬ ತಾರತಮ್ಯವೇ ಕಥೆಯ ಜೀವ. ಗಣಿತದ ಮೊದಲ ಪಾಠವೂ ಅದೇ. ಹ್ಯಾಮೆಲಿನ್ ಪಟ್ಟಣದ ಇಲಿಗಳ ಕಥೆಯು ಅವರ ಕೈಯಲ್ಲಿ ‘ಇಲಿಗಳ ಥಕಥೈ’ ಆಗಿ ಕುಣಿಯಿತು. ಅದೇ ವಸ್ತುವು ಕುವೆಂಪು ಅವರಲ್ಲಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಮನೆಮಾತಾದುದನ್ನು ವಾಚಕರು ಬಲ್ಲರು. ‘ಗುಡುಗುಡು ಗುಮ್ಮಟ ದೇವರು’, ‘ಅರ್ಗಣೆ ಮುದ್ದೆ’, ‘ಮೆಣಸಿನ ಕಾಳಪ್ಪ’ ಎಂಬ ಹೆಸರುಗಳನ್ನು ಕೇಳಿದೊಡನೆಯೇ ಮಗುವಿನ ಕಿವಿ ನೆಟ್ಟಗಾಗುತ್ತದೆ. ಪರದೇಶದ ಕಥೆಯಾದರೂ ಅದಕ್ಕೆ ಈ ನೆಲದ ಉಡುಗೆ ತೊಡಿಸದೆ ಅವರು ಮಕ್ಕಳ ಮುಂದಿಡಲಿಲ್ಲ.

ಹೀಗೆ ಮಕ್ಕಳಿಗಾಗಿ ಬರೆದವರು ಪಾಂಡಿತ್ಯದಲ್ಲಿ ಕಡಮೆಯವರೆಂದು ಯಾರೂ ಭಾವಿಸಬಾರದು. ಕೇಶಿರಾಜನ ‘ಶಬ್ದಮಣಿದರ್ಪಣ’ವು ಹಳಗನ್ನಡ ವ್ಯಾಕರಣಗಳಲ್ಲಿ ಶಿರೋಮಣಿ. ಕಿಟ್ಟೆಲ್ಲರು ಸಂಪಾದಿಸಿದ್ದ ಆ ಗ್ರಂಥದ ಪರಿಷ್ಕೃತ ಮುದ್ರಣವನ್ನು 1920ರಲ್ಲಿ ಸಿದ್ಧಗೊಳಿಸಿದವರು ಇದೇ ಪಂಜೆಯವರು. ಸೂತ್ರ, ವೃತ್ತಿ, ಪ್ರಯೋಗ, ಪಾಠಾಂತರಗಳ ಅರಣ್ಯದಲ್ಲಿ ಸಂಚರಿಸಬಲ್ಲ ವಿದ್ವಾಂಸರು ಆ ಕಾಲದಲ್ಲಿ ಎಷ್ಟು ಜನರಿದ್ದರು? ಅಂಥ ಒಬ್ಬರು ಮರುದಿನ ಇಲಿಯ ಕುಣಿತವನ್ನು ಬರೆಯಲು ಕುಳಿತರೆಂದರೆ ಅದರಲ್ಲಿ ನಮಗೊಂದು ಪಾಠವಿದೆ. ಧಾತುವಿನ ಮರ್ಮವನ್ನು ಬಲ್ಲವರಾದುದರಿಂದಲೇ ಅವರು ಮಗುವಿಗೆ ಯಾವ ಶಬ್ದ ಹಗುರ, ಯಾವುದು ಭಾರ ಎಂಬುದನ್ನು ತೂಗಿ ಕೊಡಬಲ್ಲವರಾದರು. ಸುಲಭವಾದುದನ್ನು ಬರೆಯಲು ಅಲ್ಪವಿದ್ಯೆ ಸಾಕೆಂಬುದು ಭ್ರಮೆ. ಬಹಳ ತಿಳಿದವರಿಗೆ ಮಾತ್ರ ಸುಲಭವಾಗಿ ಹೇಳುವುದು ಸಾಧ್ಯ. ಇಷ್ಟಿದ್ದೂ ಅವರು ತಮಗಿಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಗುರುಗಳಾಗಿದ್ದೂ ಕಡೆಯವರೆಗೆ ಶಿಷ್ಯಭಾವವನ್ನು ಬಿಡದಿದ್ದುದು ಆ ಹೆಸರಿನಲ್ಲಿಯೇ ಅಡಗಿದೆ.

1920ರ ದಶಕದಲ್ಲಿ ಪಂಜೆಯವರ ಸೇವೆ ಕೊಡಗಿಗೆ ಲಭ್ಯವಾಯಿತು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ಘಟ್ಟವನ್ನೇರಿದರು. ಅಂದು ಕೊಡಗು ಬ್ರಿಟಿಷರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ. ಹಾಲೇರಿ ಅರಸರ ಕಾಲದಿಂದಲೂ ಅಲ್ಲಿ ಆಡಳಿತದ ನುಡಿ ಕನ್ನಡ. 1834ರಲ್ಲಿ ಅರಸೊತ್ತಿಗೆ ಅಳಿದ ಮೇಲೆಯೂ ಶಾಲೆಯಲ್ಲಿ ಅಕ್ಷರ ಕಲಿಸುವ ನುಡಿ ಕನ್ನಡವೇ ಆಯಿತು. ಆದರೆ ಮನೆಯ ನುಡಿ ಮನೆಗೊಂದು. ಕೊಡವ ತಕ್ಕ್, ಅರೆಭಾಷೆ, ತುಳು, ಮಲೆಯಾಳ, ಎರವರ ನುಡಿ, ಕುರುಬರ ನುಡಿ. ಜೊತೆಗೆ ಬಯಲಿನ ಕಡೆಯ ಕನ್ನಡ. ಶಾಲೆಯ ಹೊಸ್ತಿಲನ್ನು ದಾಟುವ ಮಗುವಿಗೆ ಒಂದೇ ದಿನದಲ್ಲಿ ಎರಡು ಹೊಸತುಗಳು ಎದುರಾಗುತ್ತಿದ್ದುವು: ಕಾಣದ ಅಕ್ಷರ, ಕೇಳದ ನುಡಿ.

ಈ ಕಷ್ಟವನ್ನು ಪಂಜೆಯವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂಬುದು ಅವರ ಸ್ವಂತ ಬಾಳಿನ ಪಾಠಕ್ರಮ. ಮನೆಯ ನುಡಿಯನ್ನು ಹಳಿದು ಶಾಲೆಯ ನುಡಿಯನ್ನು ಕಲಿಸಲಾಗದೆಂಬುದನ್ನು ಅವರ ಬರಹಗಳೇ ಸಾರುತ್ತವೆ. ತುಳುವರ ಪಾಡ್ದನಗಳಲ್ಲಿ ಬಾಳುತ್ತಿದ್ದ ಕೋಟಿ ಚೆನ್ನಯರ ವೀರಕಥೆಯನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಆ ಕೃತಿ 1924ರಲ್ಲಿ ಪ್ರಕಟವಾಯಿತು. ತನ್ನ ಅಜ್ಜಿಯ ಬಾಯಲ್ಲಿ ಕೇಳಿದ ವೀರರನ್ನು ಕನ್ನಡ ಪುಸ್ತಕದಲ್ಲಿ ಕಂಡ ತುಳು ಬಾಲಕನಿಗೆ ಆ ಪುಸ್ತಕವು ಪರರದಾಗಿ ಉಳಿಯುವುದೆಂತು? ಕೊಡಗಿಗೆ ಬಂದ ಮೇಲೆ ಇದೇ ಮನೋಧರ್ಮದಿಂದ ‘ಹುತ್ತರಿ ಹಾಡು’ ಹುಟ್ಟಿತು. ಕೊಡವರ ಹಬ್ಬ, ಕೊಡವರ ಬೆಟ್ಟ, ಕೊಡವರ ಅಭಿಮಾನಗಳಿಗೆ ಅವರು ಕನ್ನಡದ ಗೇಯರೂಪವನ್ನು ಕೊಟ್ಟರು. ಹೊರಗಿನಿಂದ ಬಂದ ಮುಖ್ಯೋಪಾಧ್ಯಾಯರೊಬ್ಬರು ತಾವು ಸೇರಿದ ನಾಡಿನ ಮಕ್ಕಳಿಗೆ ಅವರದೇ ನಾಡನ್ನು ಹಾಡಾಗಿಸಿ ಕೊಟ್ಟ ಇಂಥ ಉದಾಹರಣೆ ವಿರಳ.

ಆ ದಿನಗಳು ಕೊಡಗಿನ ನುಡಿಸಂಪತ್ತಿಗೂ ಸುಗ್ಗಿಯ ದಿನಗಳು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದರು. ಅದನ್ನು ಅಚ್ಚಾಗಿಸಿದುದು ಕನ್ನಡ ಲಿಪಿಯಲ್ಲಿ. ಹರದಾಸ ಅಪ್ಪಚ್ಚಕವಿಗಳು ಕೊಡವ ತಕ್ಕಿನಲ್ಲಿ ನಾಟಕಗಳನ್ನು ರಚಿಸಿದ್ದರು. ಮನೆಯ ನುಡಿ, ಶಾಲೆಯ ನುಡಿ ಎರಡೂ ಒಂದನ್ನೊಂದು ಅಳಿಸದೆ ಬೆಳೆಯಬಲ್ಲುವೆಂಬುದಕ್ಕೆ ಆ ದಶಕದ ಕೊಡಗು ನಿದರ್ಶನ.

ಪಂಜೆಯವರು 1929ರಲ್ಲಿ ಸೇವೆಯಿಂದ ನಿವೃತ್ತರಾದರು. 1934ರಲ್ಲಿ ರಾಯಚೂರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರನ್ನು ಅರಸಿಕೊಂಡು ಬಂತು. ರಾಯಚೂರು ಅಂದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದು, ಅಲ್ಲಿ ಮೇಲ್ತರಗತಿಗಳ ಶಿಕ್ಷಣದಲ್ಲಿ ಉರ್ದುವೇ ಪ್ರಧಾನವಾಗಿ, ಕನ್ನಡದ ಕಲಿಕೆ ಕುಂಠಿತವಾಗಿದ್ದ ಕಾಲ. ಎಳೆಯರ ನಾಲಗೆಯಲ್ಲಿ ಕನ್ನಡವನ್ನು ನೆಲೆಗೊಳಿಸಿದವರೇ ಅಂಥ ನೆಲದಲ್ಲಿ ಅಧ್ಯಕ್ಷರಾದುದು ಉಚಿತವೇ ಆಯಿತು. 1937ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನಲ್ಲಿ ಅವರು ಕಾಲವಶರಾದರು. ಆಗ ಅವರಿಗೆ ಅರುವತ್ತಮೂರು ವರ್ಷ. ಅವರ ಹಾಡುಗಳಿಗೆ ಮಾತ್ರ ಇಂದಿಗೂ ಆರು ವರ್ಷವೇ.

ಪಂಜೆಯವರ ಕಾಲದಲ್ಲಿಯೇ ಲೋಕದ ಬೇರೆ ಬೇರೆ ಕಡೆಗಳಲ್ಲಿ ಇದೇ ಚಿಂತನೆ ಕಣ್ತೆರೆಯುತ್ತಿತ್ತು. ಜರ್ಮನಿಯ ಫ್ರೋಬೆಲರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಿಂಡರ್‌ಗಾರ್ಟನ್ ಎಂಬ ಶಿಶುವಿಹಾರವನ್ನು ಕಲ್ಪಿಸಿದ್ದರು. ಮಾರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದ ಬಡಮಕ್ಕಳಿಗಾಗಿ ಶಿಶುಗೃಹವನ್ನು ತೆರೆದರು. ಗುಜರಾತಿನ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಕಥೆ ಹಾಡುಗಳಿಂದಲೇ ಪಾಠವನ್ನು ಆರಂಭಿಸಿದರು. ಪಂಜೆಯವರು ಅವರಂತೆ ಶಿಶುಶಾಲೆಯನ್ನು ಕಟ್ಟಲಿಲ್ಲ, ಶಿಕ್ಷಣ ಸಿದ್ಧಾಂತದ ಗ್ರಂಥವನ್ನೂ ಬರೆಯಲಿಲ್ಲ. ಇದ್ದ ಶಾಲೆಯೊಳಗೇ ಹಾಡನ್ನು ಹೊಗಿಸಿದರು. ಹಣವಿಲ್ಲದ ಹಳ್ಳಿಯ ಶಾಲೆಗೂ ಹಾಡು ದುಬಾರಿಯಲ್ಲ.

ಮುಂದಿನ ಕಾಲವು ಈ ದಾರಿಯನ್ನೇ ಹಿಡಿದು ನಡೆಯಿತು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಅಂಗನವಾಡಿಗಳು ಹಳ್ಳಿಹಳ್ಳಿಗೆ ಬಂದು, ಶಾಲೆಗೆ ಮುಂಚಿನ ಮಗುವಿಗೆ ಅನ್ನವನ್ನೂ ಆಟವನ್ನೂ ಒದಗಿಸಿದುವು. ಕೊಡಗಿನ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ ‘ನಲಿ ಕಲಿ’ ಪದ್ಧತಿಯನ್ನು ಕಟ್ಟಿದವರಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಯ ಉಪಾಧ್ಯಾಯರೇ ಪ್ರಮುಖರು. ಅದು ಕ್ರಮೇಣ ರಾಜ್ಯದ ಸರಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಆಟವನ್ನೂ ಮನೆಯ ನುಡಿಯನ್ನೂ ಅದರ ಆಧಾರವೆಂದಿತು. ನೂರು ವರ್ಷಗಳ ಹಿಂದೆ ಎತ್ತಿನ ಗಾಡಿಯ ಕಾಲದ ಇನ್‌ಸ್ಪೆಕ್ಟರರೊಬ್ಬರು ನಡೆದು ತೋರಿದ ದಾರಿ ಇದೇ ಅಲ್ಲವೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಂಠಪಾಠದಲ್ಲಿಯೇ ಬೆಳೆದ ನನ್ನಂಥ ಹಳೆಯ ಕ್ರಮದ ಪಂಡಿತರು ಬಾಯಿಪಾಠವನ್ನು ಹಳಿಯಲಾರೆವು. ಪಂಜೆಯವರ ಹಾಡುಗಳೂ ಬಾಯಿಪಾಠವಾಗಿಯೇ ಉಳಿದಿವೆ. ಭೇದವಿರುವುದು ಕ್ರಮದಲ್ಲಿ. ಮೊದಲು ಕಿವಿಗೆ ಇಂಪು, ಆಮೇಲೆ ನಾಲಗೆಗೆ ರೂಢಿ, ಆ ಬಳಿಕ ಕಣ್ಣಿಗೆ ಅಕ್ಷರ, ಕಡೆಗೆ ಬುದ್ಧಿಗೆ ಸೂತ್ರ. ಈ ಕ್ರಮವನ್ನು ತಿರುಗುಮುರುಗು ಮಾಡಿ ಅಕ್ಷರವನ್ನೇ ಮೊದಲು ಹೇರಿದರೆ ಮಗು ಮೌನ ತಾಳುತ್ತದೆ. ಆ ಮೌನವನ್ನು ದಡ್ಡತನವೆಂದು ಬಗೆಯುವುದು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಅನ್ಯಾಯ. ತೋಟದ ಲೈನುಮನೆಯಿಂದಲೋ ಕಾಡಂಚಿನ ಹಾಡಿಯಿಂದಲೋ ಬಂದ ಮಗು ಬಾಯಿ ಬಿಡದಿದ್ದರೆ, ಅದಕ್ಕೆ ಮಾತು ಬಾರದೆಂದಲ್ಲ. ನಮ್ಮ ಮಾತು ಅದಕ್ಕಿನ್ನೂ ಮುಟ್ಟಿಲ್ಲವೆಂದು ತಿಳಿಯಬೇಕು. ಮೊದಲ ತರಗತಿಯಲ್ಲಿ ಹೀಗೆ ಮುಚ್ಚಿದ ಬಾಯಿ ಅನೇಕ ವೇಳೆ ಮತ್ತೆ ತೆರೆಯುವುದೇ ಇಲ್ಲ. ನಾಲ್ಕಾರು ವರ್ಷಗಳಲ್ಲಿ ಆ ಮಗು ಹಾಜರಿ ಪುಸ್ತಕದಿಂದಲೇ ಮರೆಯಾಗುತ್ತದೆ.

ಆದುದರಿಂದ ಪಂಜೆಯವರನ್ನು ನೆನೆಯುವುದೆಂದರೆ ಅವರ ಭಾವಚಿತ್ರಕ್ಕೆ ಮಾಲೆ ಹಾಕಿ ಕೈತೊಳೆದುಕೊಳ್ಳುವುದಲ್ಲ. ವಿದ್ಯಾಸಂಸ್ಥೆಗಳನ್ನು ನಡೆಸುವವರು ಮೊದಲನೆಯ ತರಗತಿಗೆ ಹೊಸಬರನ್ನು ಕಳುಹಿಸಿ, ಅನುಭವಿಗಳನ್ನು ಹತ್ತನೆಯ ತರಗತಿಗೆ ಕಾಯ್ದಿರಿಸುವ ರೂಢಿಯನ್ನು ಮರುವಿಮರ್ಶಿಸಬೇಕು. ‘ಶಬ್ದಮಣಿದರ್ಪಣ’ವನ್ನು ಬಲ್ಲವರೇ ಶಿಶುಗೀತೆಯನ್ನು ಬರೆದರೆಂಬುದನ್ನು ಆಗ ನೆನಪಿಗೆ ತಂದುಕೊಳ್ಳಲಿ. ಉಪಾಧ್ಯಾಯ ಬಂಧುಗಳು ಶಾಲೆ ತೆರೆದ ಮೊದಲ ತಿಂಗಳನ್ನು ಹಾಡಿಗೂ ಕಥೆಗೂ ಬಿಟ್ಟುಕೊಟ್ಟು, ಮಕ್ಕಳ ಮನೆಯ ಹಿರಿಯರಿಂದ ಅವರವರ ನುಡಿಯ ಒಂದೊಂದು ಹಾಡನ್ನಾದರೂ ಕೇಳಿ ತರಗತಿಗೆ ತರಲಿ. ಹಳೆಯ ವಿದ್ಯಾರ್ಥಿಗಳು ತಮಗೆ ಅಕ್ಷರ ತಿದ್ದಿಸಿದ ಕೈಯನ್ನು ಮರೆಯದಿರಲಿ. ದಾನಿಗಳು ಗೋಪುರದಂಥ ಕಟ್ಟಡಗಳಿಗೆ ಕೊಡುವಾಗ, ಪುಟ್ಟ ಮಕ್ಕಳ ಕೊಠಡಿಗೆ ಬೇಕಾದ ಚಾಪೆ, ಚಿತ್ರಪುಸ್ತಕ, ಆಟಿಕೆಗಳಿಗೂ ಒಂದಂಶವನ್ನು ಮೀಸಲಿಡಲಿ. ಅದರಲ್ಲಿ ದಾನಿಯ ಹೆಸರನ್ನು ಕೆತ್ತಲು ಸ್ಥಳವಿರದು. ಆದರೆ ಫಲ ಅರುವತ್ತು ವರ್ಷ ಬಾಳುವುದು.

ಬಂಟವಾಳದ ಬಡ ಹುಡುಗನೊಬ್ಬ ಮನೆಪಾಠದ ಹಣದಿಂದ ಓದಿ, ಇನ್‌ಸ್ಪೆಕ್ಟರನಾಗಿ, ಕೊಡಗಿನ ಮಂಜಿನ ಬೆಟ್ಟಗಳ ನಡುವೆ ಮುಖ್ಯೋಪಾಧ್ಯಾಯನಾಗಿ, ಸಾಹಿತ್ಯ ಸಮ್ಮೇಳನದ ಪೀಠದವರೆಗೆ ನಡೆದ ಜೀವನವಿದು. ಆ ನಡೆಗೆ ಉದ್ದಕ್ಕೂ ಜೊತೆಯಾದವರು ಮಕ್ಕಳು. ಮಕ್ಕಳಿಗೆ ಉತ್ತಮವಾದುದನ್ನೇ ಕೊಡಬೇಕೆಂಬ ಆ ಮಹನೀಯರ ಕಾಯಕನಿಷ್ಠೆ ನಮ್ಮ ಶಾಲೆಗಳ ಪುಟ್ಟ ಕೊಠಡಿಗಳಲ್ಲಿ ನೆಲೆಸಲಿ ಎಂದು ಹಾರೈಸುತ್ತೇನೆ.